ಮೂರು ಚಾಕು ನೋಡಿ ಇಪ್ಪತ್ತನಾಲ್ಕಕ್ಕೆ ಸಹಿ

೧೯೬೩ರಲ್ಲಿ ನಾನು ಕನಕಪುರ ರಸ್ತೆಯ ಒಂದು ದೊಡ್ಡ ನರ್ಸರಿಯಲ್ಲಿ ಸ್ಟೋರ್ಸ್ ಇನ್ಸ್‌ಪೆಕ್ಟರ್ ಆಗಿದ್ದೆ. ಜಯನಗರದಲ್ಲಿ ಹೊಸ ಮನೆ ಕಟ್ಟಿದವರು ಗುಲಾಬಿಗೂ ಸಪೋಟ ಕಸಿಗೂ ನಮ್ಮಲ್ಲಿಗೇ ಬರುತ್ತಿದ್ದರು. ಒಳಗೆ ಬರುವ ಪ್ರತಿ ಸಾಮಾನನ್ನೂ ಪರೀಕ್ಷಿಸಿ ‘ಪಾಸ್’ ಅಥವಾ ‘ರಿಜೆಕ್ಟ್’ ಎಂದು ಬರೆದು ಸಹಿ ಹಾಕುವುದು ನನ್ನ ಕೆಲಸ. ಅದಕ್ಕೆ ಮುಂಚೆ ಆರು ವರ್ಷ ಒಂದು ಕಾರ್ಖಾನೆಯ ಟೂಲ್ ರೂಮಿನಲ್ಲಿ ಪಳಗಿದ್ದೆ. ಅಳತೆಗೆ ಸಿಗದ ವಸ್ತುವನ್ನು ಕಂಡರೆ ನನಗೆ ಮೈ ಉರಿಯುತ್ತಿತ್ತು. ಈಗಲೂ ಉರಿಯುತ್ತದೆ.

ನಮ್ಮಲ್ಲಿ ಕಸಿ ಕಟ್ಟುವವರು ಇಪ್ಪತ್ತನಾಲ್ಕು ಜನ. ಅವರಿಗೆ ಕಂಪನಿಯ ಮಡಚುವ ಚಾಕು ಕೊಡುತ್ತಿದ್ದೆವು. ಅದರ ಉಕ್ಕು ಮೆದು, ಮಧ್ಯಾಹ್ನದೊಳಗೆ ಮೊಂಡಾಗುತ್ತಿತ್ತು. ಹಿಡಿ ಎಲ್ಲರಿಗೂ ಒಂದೇ ಅಳತೆ, ಅಂದರೆ ಯಾರ ಕೈಗೂ ಸರಿಹೋಗದ ಅಳತೆ. ದೂರು ಕೇಳಿ ಕೇಳಿ ಬೇಸತ್ತ ಮ್ಯಾನೇಜರು, ಸುದ್ದಗುಂಟೆಪಾಳ್ಯದಲ್ಲಿ ಕುಲುಮೆ ಇಟ್ಟಿದ್ದ ವೀರಾಚಾರಿಯ ಹತ್ತಿರ ಚಾಕು ಮಾಡಿಸಲು ನನಗೆ ಹೇಳಿದರು.

ಆ ಮನುಷ್ಯ ನನಗೆ ಮೊದಲ ದಿನವೇ ಸೇರಲಿಲ್ಲ. ನಾನು ಮೂರು ದಿನ ಕೂತು ಬರೆದ ಡ್ರಾಯಿಂಗನ್ನು ಒಮ್ಮೆ ನೋಡಿ ಬದಿಗಿಟ್ಟ.

“ಈ ಕಾಗ್ದ ಹಿಡ್ಕೊಂಡು ಕಸಿ ಕಟ್ತಾರಾ ಸಾರ್? ಕಟ್ಟೋರ್ನ ಕಳ್ಸಿ” ಎಂದ.

ಹೋದವರೆಲ್ಲರ ಕೈಗೂ ಹಸಿ ಜೇಡಿಮಣ್ಣಿನ ಉಂಡೆ ಕೊಟ್ಟು ಬಿಗಿಯಾಗಿ ಹಿಸುಕಿಸಿದ. ಮಣ್ಣಿನಲ್ಲಿ ಮೂಡಿದ ಅಚ್ಚನ್ನು ನೋಡಿ ಒಬ್ಬೊಬ್ಬರಿಗೆ ಒಂದೊಂದು ಹಿಡಿ ಕೆತ್ತಿದ. ಮೂರು ವಾರದ ನಂತರ ಹೆಸರು ಬರೆದ ಚೀಟಿ ಕಟ್ಟಿದ್ದ ಇಪ್ಪತ್ತನಾಲ್ಕು ಚಾಕುಗಳನ್ನು ತಂದು ನನ್ನ ಮೇಜಿನ ಮೇಲಿಟ್ಟ.

“ಒಂದೊಂದನ್ನೂ ಅವರವ್ರ ಕೈಗೆ ಕೊಟ್ಟು, ನಿಂತು ನೋಡಿ ಸಾರ್. ಆಮೇಲೆ ಸಹಿ ಹಾಕಿ.”

“ನನ್ ಕೆಲ್ಸ ನಂಗೆ ಗೊತ್ತು ಆಚಾರ್ರೇ. ನೀವು ಹೊರಡಿ” ಎಂದೆ.

ಮಡಚುವ ಚಾಕುವಿನಲ್ಲಿ ಮುಖ್ಯವಾದದ್ದು ಹಿಡಿಯ ಬೆನ್ನಿಗಿರುವ ಸ್ಪ್ರಿಂಗು. ಬಿಚ್ಚಿದ ಅಲಗನ್ನು ತಡೆದು ನಿಲ್ಲಿಸುವುದು ಅದೇ. ಕಸಿ ಕಟ್ಟುವವರು ಗಿಡದ ತೊಗಟೆಯನ್ನು ಸೀಳಿದ ಮೇಲೆ ಅಲಗಿನ ಬೆನ್ನಿನಿಂದ ಅದನ್ನು ಎಬ್ಬಿಸುತ್ತಾರೆ. ಆಗ ಸ್ಪ್ರಿಂಗು ಸಡಿಲವಾಗಿದ್ದರೆ ಅಲಗು ಹಿಂದಕ್ಕೆ ಮಡಚಿ ಬೆರಳಿನ ಮೇಲೇ ಬೀಳುತ್ತದೆ. ಕಂಪನಿಯ ಚಾಕು ಬಂದಾಗ ನಾನು ಪೆಟ್ಟಿಗೆಯಿಂದ ಮೂರನ್ನು ತೆಗೆದು, ಅಲಗಿನ ಬೆನ್ನನ್ನು ಮೇಜಿನ ಅಂಚಿಗೆ ಒತ್ತಿ ನೋಡುತ್ತಿದ್ದೆ. ಇದಕ್ಕೆ ಸ್ಯಾಂಪಲ್ ಪರೀಕ್ಷೆ ಎನ್ನುತ್ತಾರೆ.

ಆಚಾರಿಯ ಚಾಕುಗಳಲ್ಲೂ ಮೂರನ್ನು ತೆಗೆದೆ. ನಿಜ ಹೇಳುತ್ತೇನೆ, ತಪ್ಪು ಹುಡುಕಲೆಂದೇ ತೆಗೆದೆ. ಒಂದೂ ಸಿಗಲಿಲ್ಲ. ಅಷ್ಟು ಚೆಂದದ ಚಾಕುವನ್ನು ಟೂಲ್ ರೂಮಿನಲ್ಲೂ ನಾನು ಕಂಡಿರಲಿಲ್ಲ. ನನಗೆ ಸಂತೋಷವಾಗಲಿಲ್ಲ, ಹೊಟ್ಟೆ ಉರಿಯಿತು. ಅವು ಕಣ್ಣೆದುರಿನಿಂದ ತೊಲಗಲಿ ಎಂದು ‘ಪಾಸ್’ ಬರೆದು ಎಲ್ಲವನ್ನೂ ಹಂಚಿಸಿಬಿಟ್ಟೆ.

ಐದನೆಯ ದಿನ ಬೆಳಿಗ್ಗೆ ತಲಘಟ್ಟಪುರದ ಮುನಿಯಮ್ಮನ ತೋರುಬೆರಳು ಕೊಯ್ದುಹೋಯಿತು. ನಮ್ಮಲ್ಲಿ ಅವಳಷ್ಟು ಚುರುಕಾಗಿ ಕಸಿ ಕಟ್ಟುವವರು ಇರಲಿಲ್ಲ. ಎಡಗೈಯವಳು. ಜೀವನದಲ್ಲಿ ಮೊದಲ ಸಲ ತನ್ನ ಎಡಗೈಗೆಂದೇ ಮಾಡಿದ ಚಾಕು ಸಿಕ್ಕಿತೆಂದು ಎಲ್ಲರಿಗೂ ತೋರಿಸಿಕೊಂಡು ತಿರುಗಿದ್ದಳು. ತೊಗಟೆ ಎಬ್ಬಿಸುವಾಗ ಅಲಗು ಮಡಚಿಕೊಂಡು ಬೆರಳಿನ ನರವೇ ತುಂಡಾಗಿತ್ತು. ಆ ಬೆರಳು ಇನ್ನು ಬಗ್ಗುವುದಿಲ್ಲ ಎಂದು ಡಾಕ್ಟರು ಹೇಳಿದರು.

ಮರುದಿನದೊಳಗೆ ವರದಿ ಕೊಡಬೇಕೆಂದು ಮ್ಯಾನೇಜರು ಹೇಳಿದರು. ಅವಳ ಅಜಾಗರೂಕತೆ ಎಂದು ಬರೆದರೆ ಅವಳ ಕೆಲಸ ಹೋಗುತ್ತಿತ್ತು. ಆಚಾರಿಯ ತಲೆಗೆ ಕಟ್ಟುವುದು ನನಗೆ ಇನ್ನೂ ಸುಲಭವಾಗಿತ್ತು. ಅವನ ಬಾಯಿಂದಲೇ ಒಪ್ಪಿಸೋಣವೆಂದು ಆ ಚಾಕು ತೆಗೆದುಕೊಂಡು ಸೈಕಲ್ ಹತ್ತಿದೆ.

ಅವನು ಅದನ್ನು ಎರಡು ಸಲ ಬಿಚ್ಚಿ ಮಡಚಿ ನೋಡಿದ.

“ಮಾಡೋವಾಗ್ಲೇ ಬಂದು ಹಿಡ್ದು ನೋಡಿ, ಬಿಚ್ಚೋಕೆ ಗಟ್ಟಿಯಾಗ್ತದೆ ಅಂದ್ಲು ಆಯಮ್ಮ. ಅರದಲ್ಲಿ ಸ್ಪ್ರಿಂಗ್ ಉಜ್ಜಿ ತೆಳ್ಳಗೆ ಮಾಡ್ದೆ. ಜಾಸ್ತಿ ಉಜ್ಜಿಬಿಟ್ಟಿದೀನಿ. ತಪ್ಪು ನಂದೇ” ಎಂದ. ನಾನು ಹೊರಡಲು ತಿರುಗುವಷ್ಟರಲ್ಲಿ ಕೇಳಿದ: “ನೀವು ಇದನ್ನ ಒತ್ತಿ ನೋಡಿದ್ರಾ ಸಾರ್?”

“ಮೂರು ನೋಡ್ದೆ. ಮೂರೂ ಸರಿಯಾಗಿದ್ವು.”

“ನಾನೇನು ಒಂದೇ ಚಾಕುನ ಇಪ್ಪತ್ನಾಲ್ಕು ಸಲ ಮಾಡಿದ್ನಾ?”

ಬೈದಿದ್ದರೆ ತಿರುಗಿ ಬೈಯುತ್ತಿದ್ದೆ. ಈ ಮಾತು ಕೇಳಿ ಚಾಕು ಜೇಬಿಗಿಟ್ಟು ಸೈಕಲ್ ಹತ್ತಿದೆ. ನರ್ಸರಿಗೆ ಬಂದವನೇ ಹಂಚಿದ ಚಾಕುಗಳನ್ನೆಲ್ಲ ವಾಪಸು ತರಿಸಿ ಒಂದೊಂದಾಗಿ ಮೇಜಿಗೆ ಒತ್ತಿದೆ. ಇನ್ನೊಂದು ಚಾಕು ಕೈಯಲ್ಲೇ ಮಡಚಿಕೊಂಡಿತು. ಅದು ಬೇರೊಬ್ಬಳಿಗೆಂದು ಮಾಡಿದ ಚಾಕು; ಅವಳ ಬೆರಳಿಗೆ ಇನ್ನೂ ಏನೂ ಆಗಿರಲಿಲ್ಲ.

ವರದಿಯಲ್ಲಿ ಎರಡು ತಪ್ಪು ಬರೆದೆ: ಒಂದು ಆಚಾರಿಯ ಅರದ್ದು, ಇನ್ನೊಂದು ನನ್ನ ಪರೀಕ್ಷೆಯದು.

“ನಿಮ್ಮ ಹೆಸ್ರು ಯಾಕ್ರೀ ಹಾಕ್ಕೊಂಡ್ರಿ? ಅವಳ ಹೆಸ್ರು ಬರೆದಿದ್ರೆ ಇವತ್ತೇ ಮುಗೀತಿತ್ತು” ಎಂದರು ಮ್ಯಾನೇಜರು.

“ಅದಕ್ಕೇ ಬರೀಲಿಲ್ಲ” ಎಂದೆ.

ನನ್ನನ್ನು ಗೊಬ್ಬರದ ಶೆಡ್ಡಿಗೆ ಹಾಕಿದರು. ಮುನಿಯಮ್ಮನ ಕೆಲಸ ಉಳಿಯಿತು, ಕಸಿ ಹೋಯಿತು. ಕುಂಡಗಳಿಗೆ ಮಣ್ಣು ತುಂಬಲು ಕೂರಿಸಿದರು. ಅವಳಿಗೆ ವರದಿಯ ವಿಷಯ ಹೇಳಲು ಹೋದೆ. ಸ್ವಲ್ಪ ಮೆಚ್ಚುಗೆಯ ಆಸೆಯೂ ನನಗಿತ್ತು, ನಾಚಿಕೆಗೇಡು.

“ಕೆಲ್ಸ ಉಳ್ಸಿದೀನಿ ಅಂತ ಹೇಳೋಕೆ ಬಂದ್ರಾ ಸಾರ್? ನನ್ ಕೆಲ್ಸ ಇದಲ್ಲ” ಎಂದಳು. ಆಮೇಲೆ ನಾನಿದ್ದ ನಾಲ್ಕು ವರ್ಷವೂ ಅವಳು ನನ್ನ ಜೊತೆ ಮಾತಾಡಲಿಲ್ಲ.

ಕೈಯಿಂದ ಮಾಡಿದ ವಸ್ತು ಎಂದರೆ ಕಣ್ಣರಳಿಸುವವರು ಈಗ ಬಹಳ ಜನ. ಅವರ ಮಾತು ಕೇಳಿದರೆ ನನಗೆ ಸಿಟ್ಟು ಬರುತ್ತದೆ. ಕಂಪನಿ ಮಾಲೇ ಮೇಲು ಎನ್ನುವವರನ್ನು ಕಂಡರೂ ಅಷ್ಟೇ. ಕಂಪನಿಯ ಚಾಕು ಮೂರು ನೋಡಿದರೆ ನೂರರ ಹಣೆಬರಹ ತಿಳಿಯುತ್ತದೆ, ಅದರ ಬೆಲೆ ಅದು. ಆಚಾರಿ ಮಾಡಿದ ಚಾಕು ಪಕ್ಕದ ಚಾಕುವಿನ ಬಗ್ಗೆ ಏನೂ ಹೇಳುವುದಿಲ್ಲ. ಒಬ್ಬರ ಕೈಗೆಂದು ಮಾಡಿದ್ದನ್ನು ಅವರ ಕೈಯಲ್ಲೇ ಪರೀಕ್ಷಿಸಬೇಕು, ಬೇರೆ ದಾರಿಯಿಲ್ಲ. ಅಷ್ಟನ್ನು ಕಲಿಯಲು ನನಗೆ ಇನ್ನೊಬ್ಬರ ಬೆರಳು ಬೇಕಾಯಿತು. ಕುಲುಮೆಯಿಂದ ವಾಪಸು ಬಂದ ಆ ಮಧ್ಯಾಹ್ನ ಉಳಿದ ಚಾಕುಗಳನ್ನೆಲ್ಲ ಒತ್ತಿ ನೋಡಿ ಮುಗಿಸಲು ಹಿಡಿದದ್ದು ಅರ್ಧ ಗಂಟೆ.