ಅಕ್ಕನಿಗೆ ಕಳಿಸಿದ ಉಪ್ಪುಸೊಪ್ಪು

ಕತ್ತಲಗೆರೆಯ ನನ್ನ ಗದ್ದೆಯ ತಗ್ಗಿನ ಮೂಲೆಯಲ್ಲಿ ನಾಲೆಯ ಬಸಿನೀರು ನಿಂತು ನಿಂತು ನೆಲ ಸವಳಾಗಿತ್ತು. ಬೇಸಿಗೆ ಬಂದರೆ ಮೇಲೆ ಬಿಳಿ ಪುಡಿ. ಭತ್ತ ಮೊಳಕಾಲೆತ್ತರಕ್ಕೂ ಬರುತ್ತಿರಲಿಲ್ಲ. ಕುಂದಾಪುರದ ಕಡೆಯಿಂದ ಮೀನು ತರುವ ಲಾರಿ ಡ್ರೈವರ್ ಒಬ್ಬ, ಕಡಲ ದಂಡೆಯಲ್ಲಿ ಹಬ್ಬುವ ಒಂದು ಸೊಪ್ಪನ್ನು ಒದ್ದೆ ಗೋಣಿಯಲ್ಲಿ ಸುತ್ತಿ ತಂದುಕೊಟ್ಟ. ದಪ್ಪ ಎಲೆ, ಕೆಂಪು ದಂಟು, ಗುಲಾಬಿ ಬಣ್ಣದ ಪುಟ್ಟ ಹೂವು. ಜಗಿದರೆ ಬಾಯೆಲ್ಲ ಉಪ್ಪು. ಆ ಸವಳು ಮೂಲೆಯಲ್ಲೇ ನೆಟ್ಟು, ಉಪ್ಪುಸೊಪ್ಪು ಎಂದು ನಾನೇ ಹೆಸರಿಟ್ಟೆ.

ಬೆಳೆಯುವ ಮನಸ್ಸಿದ್ದವರು ಕೇಳಿ: ಬೀಜಕ್ಕೆ ಕಾಯಬೇಡಿ, ಮೂರು ಗೆಣ್ಣಿನ ತುಂಡು ಸಾಕು, ಎರಡು ಗೆಣ್ಣು ಮಣ್ಣೊಳಗೆ ಹೋಗಲಿ. ಗೊಬ್ಬರ ಸುರಿಯಬೇಡಿ. ಹೂವು ಬಿಡುವ ಮೊದಲೇ ಕುಡಿ ಚಿವುಟುತ್ತಿರಿ, ಇಲ್ಲದಿದ್ದರೆ ದಂಟು ನಾರಾಗುತ್ತದೆ. ಇಷ್ಟೆಲ್ಲ ನಾನು ಕೈ ಸುಟ್ಟುಕೊಂಡು ಕಲಿತದ್ದು. ಕಲಿಯದೇ ಬಾಯಿ ಹಾಕಿದ್ದು ಒಂದೇ ವಿಷಯಕ್ಕೆ.

ಹೊನ್ನಾಳಿಯಲ್ಲಿರುವ ನನ್ನ ಅಕ್ಕನಿಗೆ ಹೃದಯದ ತೊಂದರೆ. ಕಾಲು ಊದಿಕೊಳ್ಳುತ್ತವೆಂದು ಡಾಕ್ಟರು ಉಪ್ಪು ಬಿಡಿಸಿದ್ದರು. ಸಪ್ಪೆ ಸಾರು ಉಂಡು ಉಂಡು ಅವಳಿಗೆ ಊಟವೇ ಬೇಡವಾಗಿತ್ತು. ಮೊದಲ ಕೊಯ್ಲಿನ ದೊಡ್ಡ ಗಂಟನ್ನು ಬಸ್ಸಿನ ಕಂಡಕ್ಟರ್ ಕೈಲಿ ಅವಳಿಗೆ ಕಳಿಸಿ, ಫೋನಿನಲ್ಲಿ ಹೇಳಿದೆ: "ಅಕ್ಕಾ, ಇದಕ್ಕೆ ಉಪ್ಪು ಹಾಕಾದೇ ಬ್ಯಾಡ. ಡಾಕ್ಟ್ರು ಬ್ಯಾಡ ಅಂದಿದ್ದು ಡಬ್ಬಿ ಉಪ್ಪು. ಇದು ಸೊಪ್ಪು, ಧೈರ್ಯವಾಗಿ ತಿನ್ನು."

ಐದನೇ ದಿನ, ನನ್ನಿಂದ ಸೊಪ್ಪು ಕೊಂಡಿದ್ದ ಚನ್ನಗಿರಿಯ ಖಾನಾವಳಿಯವರು ನನ್ನನ್ನು ಕರೆದು ಒಂದು ತಟ್ಟೆ ತೋರಿಸಿದರು. ಸೊಪ್ಪು ಬೇಯಿಸಿದ ನೀರು ಅದರಲ್ಲಿ ಆರಿಹೋಗಿ, ತಳದಲ್ಲಿ ಬಿಳಿ ಹರಳು ಕೂತಿತ್ತು.

"ಏನ್ರೀ ಸಾಹುಕಾರ್ರೇ, ಸೊಪ್ಪಿನ ಜತೆ ಉಪ್ಪೂ ಮಾರಾಕೆ ಹತ್ತೀರೇನು?" ಎಂದು ನಕ್ಕರು.

ನನಗೆ ನಗು ಬರಲಿಲ್ಲ. ಬೆರಳಿಗೆ ಹಚ್ಚಿ ನೆಕ್ಕಿದೆ. ಅದೇ ಉಪ್ಪು, ಡಬ್ಬಿಯದೇ ರುಚಿ.

ಅಕ್ಕನಿಗೆ ಫೋನು ಮಾಡಿದೆ; ಹೊಡೆದುಕೊಂಡೇ ಇತ್ತು, ಅವಳು ಎತ್ತಲಿಲ್ಲ. ಸಿಕ್ಕಿದ ಬಸ್ಸು ಹತ್ತಿದೆ. ಬಸವಾಪಟ್ಟಣದಲ್ಲಿ ಡ್ರೈವರ್ ಟೀ ಕುಡಿಯಲು ಇಳಿದಾಗ, ಅವನ ರಟ್ಟೆ ಹಿಡಿದು ಎಳೆದು ತರುವಷ್ಟು ಸಿಟ್ಟು ಬಂತು. ಮತ್ತೆ ಮತ್ತೆ ಫೋನು ಮಾಡಿದೆ.

ಅಕ್ಕ ಬಾಗಿಲಲ್ಲಿ ಗೋಡೆಗೊರಗಿ ಕೂತಿದ್ದಳು. ಕಾಲುಂಗುರ ಮಾಂಸದೊಳಗೆ ಹೂತುಹೋಗಿತ್ತು.

"ಬಂದ್ಯಾ? ಸೊಪ್ಪು ತಂದೀಯೇನೋ?" ಅಷ್ಟು ಹೇಳುವಷ್ಟರಲ್ಲಿ ಎರಡು ಸಲ ಉಸಿರೆಳೆದಳು.

"ಎಷ್ಟು ತಿಂದೆ?"

"ಎರಡು ಹೊತ್ತೂ. ಬೇಯ್ಸಿದ ನೀರಿನಾಗೆ ಸಾರು ಮಾಡ್ಕಂಡೆ. ಎಷ್ಟು ರುಚಿ ಐತೋ ಮಾರಾಯ!"

"ಏಳು, ಆಸ್ಪತ್ರೆಗೆ."

"ನಾಳೆ ನೋಡಾಣ."

"ಈಗ."

"ಸಂಜಿಗೆ?"

"ಈಗಲೇ ಅಕ್ಕಾ."

"ಸೀರೆ ಬದಲಾಯ್ಸಾಕಾದ್ರೂ ಬಿಡೋ."

ಚೌಕಾಶಿಯಲ್ಲಿ ನಾನು ಎಂದೂ ಇಷ್ಟು ಗಟ್ಟಿಯಾಗಿ ನಿಂತಿರಲಿಲ್ಲ. ಶಾಲು ಹೊದಿಸಿ ಆಟೋ ಹತ್ತಿಸಿದೆ.

ಡಾಕ್ಟರು ಏನು ತಿಂದಿರಿ ಎಂದು ಕೇಳಿದರು. ಅಕ್ಕ ನನ್ನ ಕಡೆ ನೋಡದೆ, "ಏನಿಲ್ಲ ಸಾರ್, ಬರೀ ಸೊಪ್ಪು" ಎಂದಳು. ನನ್ನನ್ನು ಕಾಪಾಡುತ್ತಿದ್ದಳು. ನಾನೇ ಬಾಯಿಬಿಟ್ಟೆ: "ಉಪ್ಪು ನೆಲದಾಗೆ ಬೆಳೆದ ಸೊಪ್ಪು ಸಾರ್. ಅದರಾಗೇ ಉಪ್ಪೈತೆ. ತಿನ್ನು ಅಂದಿದ್ದು ನಾನು." ಡಾಕ್ಟರು ಬಯ್ಯಲಿಲ್ಲ. ಇಂಜೆಕ್ಷನ್ ಬರೆದು, ಮೂಗಿಗೆ ಆಮ್ಲಜನಕದ ನಳಿಗೆ ಹಾಕಿಸಿದರು.

ಎರಡು ಗಂಟೆ ಮಂಚದ ಪಕ್ಕ ಅವಳ ಎದೆ ಏರಿಳಿಯುವುದನ್ನೇ ನೋಡುತ್ತಾ ಕೂತೆ. ಮೆಲ್ಲಗೆ ಉಸಿರಾಟ ಹದಕ್ಕೆ ಬಂತು. ಕಣ್ಣು ತೆರೆದವಳು ಕೇಳಿದಳು: "ಇನ್ನ ಯಾರ್‍ಯಾರಿಗೆ ಹಿಂಗೇ ಹೇಳೀಯೋ?"

ಕೆರೆಬಿಳಚಿಯ ಒಬ್ಬ ಅಜ್ಜನಿಗೆ ಹೇಳಿದ್ದೆ. ಅವರಿಗೆ ಬಿಪಿ. ಎರಡು ಕಟ್ಟು ಕೊಟ್ಟಿದ್ದೆ.

ಫೋನು ಹಿಡಿದು ವರಾಂಡಕ್ಕೆ ಓಡಿದೆ.