ಬಿಸ್ಕತ್ತಿನ ಡಬ್ಬಿಯಲ್ಲಿದ್ದ ಮತಗಳು

ನನಗೆ ಹುಟ್ಟಿನಿಂದಲೇ ಸಂಶಯ ಜಾಸ್ತಿ. ಸಂತೆಯಿಂದ ತಂದ ಬೆಳ್ಳುಳ್ಳಿಯನ್ನು ಈಗಲೂ ಮನೆಯ ತಕ್ಕಡಿಯಲ್ಲಿ ಇನ್ನೊಮ್ಮೆ ತೂಗಿ ನೋಡುತ್ತೇನೆ. ಹಳಿಯಾಳದ ನನ್ನ ಟೈಪಿಂಗ್ ಕ್ಲಾಸಿಗೆ ಧಾರವಾಡದ ಆ ತರುಣ ಮೊದಲ ಸಲ ಬಂದಾಗಲೂ ಅಷ್ಟೆ. ಅವನು ಹೇಳಿದ್ದನ್ನು ಬಿಟ್ಟು, ಹೇಳದೆ ಉಳಿಸಿಕೊಂಡದ್ದೇನಿರಬಹುದು ಎಂದು ಹುಡುಕುತ್ತ ಕೂತಿದ್ದೆ.

ಮೊಬೈಲಿನಲ್ಲಿ ಬ್ಲಾಕ್‌ಚೈನ್ ಕಲಿಸುವ ವೇದಿಕೆಯೊಂದನ್ನು ಅವನು ಕಟ್ಟಿದ್ದ. ಅದರ ಕನ್ನಡ ಪಾಠಗಳನ್ನು ಬರೆದವಳು ನಾನು. ಒಂದೇ ದಾಖಲೆ, ಅದರ ಪ್ರತಿ ಎಲ್ಲರ ಹತ್ತಿರ. ಬರೆದದ್ದನ್ನು ಯಾರೂ ಅಳಿಸಲಾರರು, ಯಾರು ಬೇಕಾದರೂ ಓದಬಹುದು. ಕಾಗದಪತ್ರ ತಿದ್ದುವವರ ಕೈಯಲ್ಲಿ ನೊಂದ ಹೆಂಗಸರೇ ಹೆಚ್ಚಿದ್ದ ನಮ್ಮ ಕ್ಲಾಸಿಗೆ ಈ ಮಾತು ಹಿಡಿಸಿತು. ದಾಂಡೇಲಿಯಿಂದ, ಮುಂಡಗೋಡದ ಚಿಗಳ್ಳಿ ಕಡೆಯಿಂದ ಭಾನುವಾರಕ್ಕೊಮ್ಮೆ ಬಸ್ಸು ಹತ್ತಿ ಬರುತ್ತಿದ್ದರು.

ಎರಡು ವರ್ಷದ ಮೇಲೆ ಒಂದು ದಿನ ಅವನು, "ಇನ್ನ ಮ್ಯಾಲ ಇದರ ಮಾಲಕರು ನೀವ ರೀ. ಏನ ಇರಬೇಕು, ಏನ ಹೋಗಬೇಕು, ಸದಸ್ಯರ ಓಟ್ ಹಾಕಿ ಠರಾವ್ ಮಾಡ್ರಿ" ಎಂದ.

ಪುಕ್ಕಟೆಯಾಗಿ ಯಾರು ಯಾರನ್ನು ಮಾಲಕರನ್ನಾಗಿ ಮಾಡುತ್ತಾರೆ? "ನಿಮ್ಮ ಕಡೆ ಇನ್ನೊಂದು ಕೀಲಿ ಇಟ್ಕೊಂಡಿಲ್ಲೇನು?" ಎಂದು ಮೂರು ಸಲ ಕೇಳಿದೆ. ಮೂರು ಸಲವೂ ನಕ್ಕು, "ಇಲ್ರಿ ಅಕ್ಕೋರ" ಎಂದ. ಆ ನಗು ನನಗೆ ಸೇರಲಿಲ್ಲ.

ಕೀಲಿ ಎಂದರೆ ಹನ್ನೆರಡು ಇಂಗ್ಲಿಷ್ ಪದ. ಒಬ್ಬೊಬ್ಬರಿಗೆ ಒಂದೊಂದು ಬಗೆ. ಅದನ್ನು ಮೊಬೈಲಿನಲ್ಲಿ ಒತ್ತಿದರೆ ಮಾತ್ರ ಓಟು ಬೀಳುತ್ತದೆ, ಬೇರೆಯವರು ಒತ್ತಿದರೂ ಬೀಳುತ್ತದೆ. ಹೆತ್ತ ತಾಯಿಗೂ ತೋರಿಸಬೇಡಿ ಎಂದು ಪಾಠದಲ್ಲಿ ನಾನೇ ಬರೆದಿದ್ದೆ. ಆದರೆ ಹಲವರಿಗೆ ಇಂಗ್ಲಿಷ್ ಅಕ್ಷರ ಬಾರದು. ಕನ್ನಡ ಲಿಪಿಯಲ್ಲಿ ಒತ್ತಿದರೂ ನಡೆಯುತ್ತಿತ್ತು, ಹಾಗಾಗಿ ಟೈಗರ್, ಆನಿಯನ್, ವಿಂಡೋ ಎಂದು ಕನ್ನಡದಲ್ಲಿ ಚೀಟಿ ಬರೆದುಕೊಟ್ಟೆ. ಬರೆದು ಮುಗಿಸುವಷ್ಟರಲ್ಲಿ ಚೀಟಿಗಳು ನನ್ನ ಕೈಗೇ ವಾಪಸು ಬಂದವು. "ಮನ್ಯಾಗ ಹುಡುಗ್ರು ಹರೀತಾವ್ರಿ. ನಿಮ್ಮ ಕಡೆ ಇರಲಿ." ಅವನ್ನು ಬಿಸ್ಕತ್ತಿನ ಡಬ್ಬಿಗೆ ಹಾಕಿ, ಕಪಾಟಿನಲ್ಲಿಟ್ಟು ಬೀಗ ಹಾಕಿದೆ. ಇಷ್ಟು ಜನ ನನ್ನನ್ನು ನಂಬಿದರಲ್ಲ ಎಂದು ಒಳಗೊಳಗೇ ಉಬ್ಬಿದೆ.

ಒಬ್ಬಳು ಮಾತ್ರ ಕೊಡಲಿಲ್ಲ. ಚಿಗಳ್ಳಿ ಕಡೆಯಿಂದ ಬರುತ್ತಿದ್ದ, ಹೊಲಗೆಲಸಕ್ಕೆ ಹೋಗುವ ಸಿದ್ದಿ ಹೆಣ್ಣುಮಗಳು. ತಾನೇ ಬರೆದುಕೊಂಡ ಚೀಟಿಯನ್ನು ಎಲೆಯಡಿಕೆಯ ಸಂಚಿಯಲ್ಲಿ ಸಿಕ್ಕಿಸಿ, "ನಂದು ನನ್ನ ಕಡೆನ ಇರಲಿ ಬಿಡ್ರಿ" ಎಂದಳು. ನನ್ನ ಮೇಲೆ ಇವಳಿಗೆ ಅನುಮಾನವೇ ಎಂದು ಸಿಟ್ಟು ಬಂತು. ಎರಡು ಭಾನುವಾರ ಅವಳನ್ನು ನೆಟ್ಟಗೆ ಮಾತಾಡಿಸಲಿಲ್ಲ.

ಮಳೆಗಾಲದಲ್ಲಿ ಮೊದಲ ಓಟು ಬಂತು. ಕನ್ನಡದಲ್ಲಿ ಕಲಿಯುವವರು ಕಡಿಮೆ, ಹಿಂದಿ ಸಾಕು ಎಂದು ಬೇರೆ ಊರಿನ ಸದಸ್ಯರು ಠರಾವು ತಂದಿದ್ದರು. ಭಾನುವಾರ ಸಂಜೆ ಐದರೊಳಗೆ ನಮ್ಮಲ್ಲಿ ಅರ್ಧದಷ್ಟು ಜನ ಬೇಕು ಎನ್ನದಿದ್ದರೆ ಕನ್ನಡ ಪಾಠ ಬಂದ್. ಸರಿಯಾಗಿ ನಾಟಿಯ ದಿನಗಳಲ್ಲೇ ಇದನ್ನು ಇಟ್ಟಿದ್ದಾರೆಂದರೆ ಇದು ಆ ತರುಣನದೇ ಹೂಟ ಎಂದುಕೊಂಡೆ. ಚಿಗಳ್ಳಿ ಕಡೆಯವರು ಯಾರೂ ಬರಲಿಲ್ಲ. ಡಬ್ಬಿಯಲ್ಲಿ ಚೀಟಿ ಇಟ್ಟಿದ್ದ ಅಲ್ಲಿಯ ಹನ್ನೊಂದು ಜನಕ್ಕೂ ಫೋನು ಹಚ್ಚಿದೆ, ಒಂದೂ ತಾಗಲಿಲ್ಲ. ನಾಲ್ಕು ಗಂಟೆಗೆ ಇನ್ನೂ ಎಂಟು ಓಟು ಕಡಿಮೆ. ಎಲ್ಲೋ ಕೂತವರು ನಮ್ಮ ಹೆಂಗಸರ ಪರವಾಗಿ ತೀರ್ಮಾನ ಮಾಡಿಬಿಡುತ್ತಾರಲ್ಲ ಎಂದು ಹೊಟ್ಟೆ ಉರಿಯಿತು. ಡಬ್ಬಿ ತೆಗೆದೆ. ಬಂದಿದ್ದರೆ ಅವರೂ ಇದನ್ನೇ ಒತ್ತುತ್ತಿದ್ದರು ಎಂದು ನನಗೆ ನಾನೇ ಹೇಳಿಕೊಂಡು ಆ ಹನ್ನೊಂದು ಚೀಟಿಯ ಪದಗಳನ್ನೂ ಒತ್ತಿದೆ. ಕನ್ನಡ ಉಳಿಯಿತು.

ಮುಂದಿನ ಭಾನುವಾರ ಆ ತರುಣ ಕ್ಲಾಸಿಗೇ ಬಂದು ಎಲ್ಲರಿಗೂ ಪೇಢೆ ಹಂಚಿದ. ಆಗ ಸಿದ್ದಿ ಹೆಣ್ಣುಮಗಳು ತನ್ನ ಫೋನು ಹಿಡಿದು ಎದ್ದು ನಿಂತಳು. ದಾಖಲೆ ಓದುವುದನ್ನು ಅವಳಿಗೆ ಕಲಿಸಿದವಳು ನಾನೇ.

"ನಮ್ಮ ಕಡೆಯವರ ಹನ್ನೊಂದು ಓಟು ನಾಕು ಗಂಟೆ ಮ್ಯಾಲ ಬಿದ್ದಾವ, ಎರಡೆರಡು ನಿಮಿಷಕ್ಕ ಒಂದು. ಆ ಹೊತ್ತಿಗೆ ಇವರೆಲ್ಲಾ ನನ್ನ ಜೋಡಿ ಗದ್ದ್ಯಾಗ ಇದ್ರು."

ಇವನ ಹತ್ತಿರ ಇನ್ನೊಂದು ಕೀಲಿ ಇದ್ದೇ ಇದೆ, ನಾನು ಆಗಲೇ ಹೇಳಿರಲಿಲ್ಲವೇ ಎಂಬ ಮಾತು ನಾಲಿಗೆಯ ತುದಿಗೆ ಬಂದಿತ್ತು. ಅದನ್ನು ನೆನೆದರೆ ಇವತ್ತಿಗೂ ನನಗೆ ನಾಚಿಕೆಯಾಗುತ್ತದೆ. ಆದರೆ ಕುಂಬಳಕಾಯಿ ಕಳ್ಳ ಅಂದರೆ ಹೆಗಲು ಮುಟ್ಟಿ ನೋಡಿಕೊಂಡ ಎನ್ನುವ ಹಾಗೆ, ನನ್ನ ಕೈ ಸೊಂಟದಲ್ಲಿದ್ದ ಕಪಾಟಿನ ಕೀಲಿಯ ಮೇಲೆ ಹೋಗಿತ್ತು. ಅವಳು ಅದನ್ನೇ ನೋಡುತ್ತಿದ್ದಳು.

"ನಾನ ಹಾಕೀನಿ," ಎಂದೆ. "ಕನ್ನಡ ಉಳೀಲಿ ಅಂತ."

"ನನಗೂ ಕನ್ನಡನ ಬೇಕ್ರಿ ಅಕ್ಕೋರ. ನನ್ನ ಓಟು ಶನಿವಾರನ ಹಾಕಿದ್ದೆ. ಇವರೂ ಹಾಕ್ತೇವಿ ಅಂದ್ರು. ಹೆಂಗ ಹಾಕ್ತಾರ? ಚೀಟಿ ನಿಮ್ಮ ಡಬ್ಬ್ಯಾಗ ಇದ್ವು."

ಆ ಓಟುಗಳನ್ನು ಅಳಿಸಲು ಬರುತ್ತದೆಯೇ ಎಂದು ಯಾರೋ ತರುಣನನ್ನು ಕೇಳಿದರು. ತನ್ನಿಂದಲೂ ಆಗದು, ಎಲ್ಲರೂ ಒಪ್ಪಿದರೆ ಹೊಸದಾಗಿ ಓಟು ಹಾಕಬಹುದು ಎಂದ. ಅವನ ಹತ್ತಿರ ನಿಜವಾಗಿಯೂ ಇನ್ನೊಂದು ಕೀಲಿ ಇರಲಿಲ್ಲ.

ಮತ್ತೆ ಓಟು ಹಾಕುವುದೆಂದು ಆಯಿತು. ಅದರಲ್ಲೂ ಕನ್ನಡವೇ ಗೆದ್ದಿತು, ಅದು ಆಮೇಲಿನ ಮಾತು. ಅವತ್ತು ಮೊದಲು ಎಲ್ಲರೂ ಹಳೆಯ ಚೀಟಿ ಹರಿದು ಹೊಸ ಹನ್ನೆರಡು ಪದ ತೆಗೆದುಕೊಳ್ಳಬೇಕಾಯಿತು. ಬರೆದುಕೊಡಲೇ ಎಂದು ಅಭ್ಯಾಸಬಲದಿಂದ ಪೆನ್ನು ಹಿಡಿದು ಎದ್ದೆ. "ಬ್ಯಾಡ್ರಿ, ತಿಳದಂಗ ಬರ್ಕೋತಾರ," ಎಂದಳು ಅವಳು. ಒಬ್ಬೊಬ್ಬರೇ ಗೋಡೆಯ ಕಡೆ ತಿರುಗಿ, ಸೆರಗು ಮರೆಮಾಡಿಕೊಂಡು, ನಾನು ಕಲಿಸಿದ ಹಾಗೆಯೇ, ನನಗೆ ಕಾಣದಂತೆ ಬರೆದುಕೊಂಡರು.