ಅಕ್ಕನ ಮಂಡಿಯ ಮೇಲೆ ನನ್ನ ಕಾಲು

ಹುಟ್ಟುವಾಗ ಕಾಲು ಮುಂದಾಗಿ ಬಂದವಳು ನಾನು. ಅಂಥವರು ಒದ್ದರೆ ಉಳುಕು ಬಿಡುತ್ತದೆ ಎಂದು ನಮ್ಮ ಹರದನಹಳ್ಳಿಯಲ್ಲಿ ಎಲ್ಲರೂ ನಂಬಿದ್ದರು. ಸೊಂಟ ಹಿಡಿದುಕೊಂಡ ದೊಡ್ಡವರೆಲ್ಲ ಬಂದು ನಮ್ಮ ಜಗಲಿಯ ಮೇಲೆ ಬೋರಲು ಮಲಗುತ್ತಿದ್ದರು. ನಾನು ಎಡಗಾಲಿನಿಂದ ಮೂರು ಸಲ ಒದೆಯುತ್ತಿದ್ದೆ. ನನ್ನನ್ನು ಯಾವಾಗಲಾದರೂ ಬೈದಿದ್ದವರಿಗೆ ಒಂದು ಒದೆ ಜಾಸ್ತಿ. ಹತ್ತು ವರ್ಷದ ಹುಡುಗಿಗೆ ಜಂಬ ಪಡಲು ಇನ್ನೇನು ಬೇಕು?

ಅಕ್ಕ ಆಗ ಚಾಮರಾಜನಗರದಲ್ಲಿ ಕಾಲೇಜು ಓದುತ್ತಾ ಜಿಲ್ಲೆಯ ಕಬಡ್ಡಿ ತಂಡದಲ್ಲಿ ಆಡುತ್ತಿದ್ದಳು. ನಮ್ಮದು ಹೊಸ ಜಿಲ್ಲೆ, ತಂಡವೂ ಹೊಸದು. ಎದುರಾಳಿಗಳ ಅಂಗಳಕ್ಕೆ ನುಗ್ಗಿದರೆ ಯಾರನ್ನಾದರೂ ಮುಟ್ಟದೆ ವಾಪಸು ಬಂದವಳಲ್ಲ ಅವಳು. ರಾಜ್ಯ ತಂಡದ ಆಯ್ಕೆಗೆ ಇನ್ನೊಂದೇ ವಾರ ಎನ್ನುವಾಗ ಅಭ್ಯಾಸದಲ್ಲಿ ಬಿದ್ದು, ಬಲಮಂಡಿ ಊದಿಸಿಕೊಂಡು ಬಸ್ಸಿಳಿದಳು. ಲಿಗಮೆಂಟ್ ಹರಿದಿರಬಹುದು, ಮೈಸೂರಿಗೆ ಹೋಗಿ ತೋರಿಸಿ, ಅಲ್ಲಿಯವರೆಗೆ ಆಡಬೇಡಿ ಎಂದಿದ್ದರು ಡಾಕ್ಟರು. "ಆಟನೂ ಬ್ಯಾಡ, ಏನೂ ಬ್ಯಾಡ" ಅಂದುಬಿಟ್ಟ ಅಪ್ಪ. ಅಕ್ಕ ಅಳಲಿಲ್ಲ. ನನ್ನ ಕಡೆ ತಿರುಗಿ, "ಬಾ ಕಣಮ್ಮಿ, ನೀನು ಕಾಲ್ ಮಡುಗು" ಅಂದಳು.

ಮೂರು ದಿನ ಬೆಳಗ್ಗೆ ಅವಳ ಮಂಡಿಯ ಮೇಲೆ ಕಾಲಿಟ್ಟೆ. ಒದೆಯಲು ಮನಸ್ಸು ಬರಲಿಲ್ಲ, ಮೆತ್ತಗೆ ಒತ್ತಿದೆ. ಮಂಡಿ ಬಿಸಿಯಾಗಿತ್ತು. ಮೂರನೆಯ ದಿನ, "ನೋವು ಓಯ್ತಾ ಅಕ್ಕ?" ಎಂದು ಕೇಳಿದೆ.

"ಓಯ್ತು ಕಣಮ್ಮಿ" ಅಂದಳು.

ಹಿತ್ತಲಿಗೆ ಓಡಿಹೋಗಿ ಅಪ್ಪನಿಗೆ ಹೇಳಿದೆ. ನನ್ನ ಕಾಲಿನ ಮೇಲೆ ಅವನಿಗೂ ನಂಬಿಕೆಯಿತ್ತು. ಕಳಿಸಿಕೊಟ್ಟ.

ಆಯ್ಕೆಯಲ್ಲಿ ಮೊದಲ ಸಲ ನುಗ್ಗಿದಾಗಲೇ ಮಂಡಿ ತಿರುಚಿಕೊಂಡಿತಂತೆ. ಆಪರೇಷನ್ ಆಯಿತು. ಅಕ್ಕ ಮತ್ತೆ ಆಡಲಿಲ್ಲ. ಮನೆಯಲ್ಲಿ ಯಾರೂ ನನ್ನನ್ನು ಬೈಯಲಿಲ್ಲ, ಬೈದಿದ್ದರೆ ಚೆನ್ನಾಗಿತ್ತು. ಆಮೇಲೆ ಯಾರು ಬಂದು ಮಲಗಿದರೂ ನಾನು ಕಾಲೆತ್ತಲಿಲ್ಲ. ಬಿಸಿಲಿಗೆ ಕಾದ ಚಪ್ಪಡಿಯನ್ನು ಬರಿಗಾಲಲ್ಲಿ ತುಳಿದರೆ ಇವತ್ತಿಗೂ ಆ ಮಂಡಿಯೇ ಅಂಗಾಲಿಗೆ ತಾಗಿದಂತಾಗುತ್ತದೆ.

ಕೆಲವು ವರ್ಷಗಳ ನಂತರ ಗುಂಡ್ಲುಪೇಟೆಯಲ್ಲಿದ್ದ ಅಕ್ಕನ ಗಂಡನ ಮನೆಗೆ ಹೋಗಿದ್ದೆ. ನೀರಿನ ಕೊಡ ಎತ್ತುವಾಗ ಅವಳ ಸೊಂಟ ಹಿಡಿದುಕೊಂಡಿತು. ಕುಂಟುತ್ತಾ ಬಂದು ನಡುಮನೆಯಲ್ಲಿ ಬೋರಲು ಮಲಗಿ, "ಒದಿ ಕಣಮ್ಮಿ" ಅಂದಳು.

"ನನ್ನ ಕಾಲು ಬ್ಯಾಡ ಅಕ್ಕ" ಎಂದು ಅತ್ತುಬಿಟ್ಟೆ.

ಅವಳು ನೆಲಕ್ಕೆ ಕೆನ್ನೆಯಿಟ್ಟುಕೊಂಡೇ ಹೇಳಿದಳು: "ಅವತ್ತು ನೋವು ಓಗಿರ್ನಿಲ್ಲ ಕಣಮ್ಮಿ. ನಿಂಗೆ ಸುಳ್ಳೇಳ್ದೆ. ಓಯ್ತು ಅಂತ ನೀನು ಏಳುದ್ರೆ ಅಪ್ಪ ಕಳುಸ್ತಾನೆ ಅಂತ ಗೊತ್ತಿತ್ತು."

ಮನಸ್ಸು ಹಗುರವಾಗಬೇಕಿತ್ತು, ಆಗಲಿಲ್ಲ. ಕೆಟ್ಟ ಕೋಪ ಬಂತು. ಕಾಲೆತ್ತಿದೆ. ಒದೆಯಲಾಗದೆ ಮೆತ್ತಗೆ ಅವಳ ಸೊಂಟದ ಮೇಲೆ ಇಟ್ಟೆ, ಮೂರು ಸಲ. ಅಲ್ಲಿಯೂ ಅದೇ ಬಿಸಿ. ಓಯ್ತಾ ಎಂದು ಮಾತ್ರ ಕೇಳಲಿಲ್ಲ.